‘ಸರ್ಟಿಫಿಕೇಟ್ ಸರಿಯಿಲ್ಲ’ ಅಂತ ಹೇಳಿದ್ದು ಯಾರು, ಯಾರಿಗೆ?

ಓಪನ್‌ವಿಪಿಎನ್ ಬಗ್ಗೆ ಹಿಂದೊಮ್ಮೆ ಈ ಪುಟದಲ್ಲಿ ಬರೆದಿದ್ದೆ. ದೂರದಲ್ಲಿ ಕೂತು ಆಫೀಸಿನ ನೆಟ್‌ವರ್ಕಿಗೆ ಇಂಟರ್ನೆಟ್ ಮೂಲಕ ಭದ್ರವಾಗಿ ಸೇರಿಕೊಳ್ಳುವ ದಾರಿಗೆ ವಿಪಿಎನ್ ಅಂತ ಹೆಸರು, ಅದನ್ನು ಮಾಡಿಕೊಡುವ ಸಾಫ್ಟ್‌ವೇರ್ ಇದು. ಅದನ್ನು ಓದಿ ಸಣ್ಣ ಅಂಗಡಿ, ಆಫೀಸುಗಳಲ್ಲಿ ತಾವೇ ಸರ್ವರ್ ಹಾಕಿಕೊಂಡವರು ಕಾಸರಗೋಡಿನ ಆಚೆಈಚೆ ತುಂಬ ಜನ ಇದ್ದಾರೆ ಅಂತ ಪತ್ರಗಳಿಂದ ಗೊತ್ತಾಗುತ್ತಿದೆ. ನನಗೆ ಖುಷಿಯಾಗಿದೆ. ಆದರೆ ಪತ್ರಗಳಲ್ಲಿ ಜಾಸ್ತಿ ಬಂದದ್ದು ಸರ್ಟಿಫಿಕೇಟಿನ, ಅಂದರೆ ಎರಡೂ ಕಡೆಯ ಯಂತ್ರಗಳು ಒಂದಕ್ಕೊಂದು ತೋರಿಸುವ ಗುರುತಿನ ಫೈಲಿನ, ತಾಪತ್ರಯವೇ. ಆದ್ದರಿಂದ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಎರರ್ ಸಾಲುಗಳನ್ನೂ ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಸ್ಕ್ರೀನಿನಲ್ಲಿ ಕಾಣುವುದು ಇಂಗ್ಲಿಷಿನಲ್ಲಿ, ನೀವು ಟೈಪ್ ಮಾಡಬೇಕಾದದ್ದೂ ಇಂಗ್ಲಿಷಿನಲ್ಲೇ.

ಪ್ರಶ್ನೆ: ಅಕ್ಕಾ, ಮುಳ್ಳೇರಿಯಾದಲ್ಲಿ ನಮ್ಮ ಗೊಬ್ಬರದ ಅಂಗಡಿ ಉಂಟು. ರಾತ್ರಿ ಮನೆಯಿಂದ ಲೆಕ್ಕ ನೋಡಲಿಕ್ಕೆ ಅಂತ ಅಂಗಡಿಯ ಹಳೇ ಡೆಸ್ಕ್‌ಟಾಪಿನಲ್ಲಿ ಓಪನ್‌ವಿಪಿಎನ್ ಸರ್ವರ್ ಹಾಕಿದ್ದೇನೆ. ಸರ್ಟಿಫಿಕೇಟ್ ಮಾಡಿದ್ದು 2023ರಲ್ಲಿ. ಕಳೆದ ವಾರ ಗಾಳಿಮಳೆಗೆ ಎರಡು ದಿನ ಕರೆಂಟು ಇರಲಿಲ್ಲ. ಆಮೇಲೆ ಕನೆಕ್ಟ್ ಆಗುವುದೇ ಇಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ‘ಟಿಎಲ್‌ಎಸ್ ಕೀ ನೆಗೋಷಿಯೇಷನ್ ಫೇಲ್ಡ್ ಟು ಅಕರ್ ವಿದಿನ್ 60 ಸೆಕೆಂಡ್ಸ್, ಚೆಕ್ ಯುವರ್ ನೆಟ್‌ವರ್ಕ್ ಕನೆಕ್ಟಿವಿಟಿ’ ಅಂತ ಮಾತ್ರ ಬರುತ್ತದೆ. ರೌಟರ್ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. 1194 ಪೋರ್ಟ್ ಓಪನ್ ಉಂಟು. ಇನ್ನು ಎಂತ ಮಾಡುವುದು? ಎರಡೂ ಕಡೆಯ ಸ್ಕ್ರೀನಿನ ಫೋಟೋ ಕಳಿಸಿದ್ದೇನೆ.

ಉತ್ತರ: ರೌಟರನ್ನು ಇನ್ನು ಮುಟ್ಟಬೇಡಿ. ನೀವು ಎರಡೂ ಕಡೆಯ ಫೋಟೋ ಕಳಿಸಿದ್ದೇ ದೊಡ್ಡ ಉಪಕಾರವಾಯಿತು. ಸರ್ವರಿನ ಫೋಟೋದಲ್ಲಿ ಲಾಗ್ (ನಡೆದದ್ದನ್ನು ಯಂತ್ರ ತಾನೇ ಬರೆದಿಡುವ ದಾಖಲೆ) ಸಾಲುಗಳ ಎಡತುದಿ ನೋಡಿ. ಇಸವಿ 2016 ಅಂತ ಇದೆ. ಅದೇ ಸಾಲಿನಲ್ಲಿ ಮುಂದೆ ‘ವೆರಿಫೈ ಎರರ್, ಡೆಪ್ತ್=1, ಸರ್ಟಿಫಿಕೇಟ್ ಈಸ್ ನಾಟ್ ಯೆಟ್ ವ್ಯಾಲಿಡ್’ ಅಂತ ಇದೆ. ನಿಮ್ಮ ಸರ್ಟಿಫಿಕೇಟ್‌ಗಳನ್ನು ಮಾಡಿದ್ದು 2023ರಲ್ಲಿ ಅಂತ ನೀವೇ ಬರೆದಿದ್ದೀರಿ. 2016ರಲ್ಲಿ ಕೂತಿರುವ ಯಂತ್ರದ ಮಟ್ಟಿಗೆ ಅವು ಇನ್ನೂ ಹುಟ್ಟಿಯೇ ಇಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ಮಾತು ಹೇಳುತ್ತೇನೆ. ಮುಂದಿನ ಉತ್ತರಗಳಿಗೂ ಇದು ಬೇಕು. ಓಪನ್‌ವಿಪಿಎನ್‌ನಲ್ಲಿ ಪರಿಶೀಲನೆ ಎರಡು ಕಡೆಯಿಂದಲೂ ನಡೆಯುತ್ತದೆ. ಕ್ಲೈಂಟ್ (ಕನೆಕ್ಟ್ ಮಾಡುವ ಲ್ಯಾಪ್‌ಟಾಪು, ಫೋನು) ಸರ್ವರಿನ ಸರ್ಟಿಫಿಕೇಟ್ ನೋಡುತ್ತದೆ, ಸರ್ವರ್ ಕ್ಲೈಂಟಿನದ್ದನ್ನು ನೋಡುತ್ತದೆ. ಯಾರು ಒಪ್ಪಲಿಲ್ಲವೋ ಅವರ ಲಾಗ್‌ನಲ್ಲಿ ಕಾರಣ ಇರುತ್ತದೆ. ಇನ್ನೊಂದು ಕಡೆಯವರಿಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಅವರು 60 ಸೆಕೆಂಡು ಕಾದು, ನೆಟ್‌ವರ್ಕ್ ಹಾಳಾಗಿರಬೇಕು ಅಂತ ಊಹಿಸಿ ಆ ಸಾಲು ಬರೆಯುತ್ತಾರೆ. ಆ ಊಹೆಯನ್ನು ನಂಬಿ ರೌಟರಿನ ಹಿಂದೆ ದಿನಗಟ್ಟಲೆ ಕೂತವರನ್ನು ನಾನು ಕಂಡಿದ್ದೇನೆ. ಮೊದಲು ಕೇಳಬೇಕಾದದ್ದು ಒಂದೇ. ಯಾರು ಯಾರನ್ನು ಒಪ್ಪಲಿಲ್ಲ?

ಡೆಪ್ತ್ ಅಂದರೆ ಏನು ಅಂತಲೂ ಹೇಳಿಬಿಡುತ್ತೇನೆ. ವಿಲೇಜ್ ಆಫೀಸಿನಿಂದ ಆದಾಯದ ಸರ್ಟಿಫಿಕೇಟ್ ತಂದಿದ್ದೀರಿ ಅಂತ ಇಟ್ಟುಕೊಳ್ಳಿ. ನಿಮ್ಮ ಹೆಸರಿರುವ ಕಾಗದ ಡೆಪ್ತ್ 0. ಅದಕ್ಕೆ ಸೀಲು ಹಾಕಿದವರು ಡೆಪ್ತ್ 1. ವಿಪಿಎನ್‌ನಲ್ಲಿ ಆ ಸೀಲಿನವರಿಗೆ ಸಿಎ ಅಂತ ಹೆಸರು. ಕಾಗದಕ್ಕೂ ಸೀಲಿಗೂ ಬೇರೆ ಬೇರೆ ಅವಧಿ ಇರುತ್ತದೆ. ನಿಮ್ಮಲ್ಲಿ ಡೆಪ್ತ್ 1ರಲ್ಲೇ ತಡೆ ಬಂದಿದೆ. ಅವಧಿ ನೋಡುವುದು ಮೇಲಿನಿಂದ ಕೆಳಕ್ಕೆ, ಹಾಗಾಗಿ ಸೀಲಿನ ಹತ್ತಿರವೇ ನಿಂತುಬಿಟ್ಟಿತು.

ಇನ್ನು ರಿಪೇರಿ. ಮದರ್‌ಬೋರ್ಡಿನಲ್ಲಿ ನಾಣ್ಯದ ಹಾಗಿರುವ ಸಿಆರ್2032 ಸೆಲ್ ಸತ್ತಿದೆ. ಕರೆಂಟು ಇರುವಷ್ಟು ಹೊತ್ತು ಗಡಿಯಾರ ಹೇಗೋ ನಡೆಯುತ್ತಿತ್ತು, ಎರಡು ದಿನ ಹೋದಾಗ ಹಿಂದಕ್ಕೆ ಹಾರಿತು. ಸೆಲ್ ಬದಲಿಸಿ. ಆಮೇಲೆ ‘ಟೈಮ್‌ಡೇಟ್‌ಸಿಟಿಎಲ್’ ಅಂತ ಹೊಡೆದು ನೋಡಿ. ಎನ್‌ಟಿಪಿ (ಇಂಟರ್ನೆಟ್ಟಿನಿಂದ ಸರಿಯಾದ ಸಮಯ ತರುವ ವ್ಯವಸ್ಥೆ) ಆನ್ ಇದ್ದಿದ್ದರೆ ಇಂಟರ್ನೆಟ್ ಬಂದ ಕೂಡಲೇ ಸಮಯ ತಾನಾಗಿ ಸರಿಯಾಗಬೇಕಿತ್ತು. ಆಗಲಿಲ್ಲ ಅಂದರೆ ಅದು ಆಫ್ ಇದೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಕೊಡಿ. ಮಳೆಗಾಲ ಮುಗಿಯುವವರೆಗೆ ಕಾಯಬೇಡಿ.

ಬ್ರಾಂಚ್ ಆಫೀಸು ಇರುವವರಿಗೆ ಒಂದು ಎಚ್ಚರಿಕೆ. ಕೆಲವರು ಬ್ರಾಂಚಿನ ಯಂತ್ರ ವಿಪಿಎನ್ ಬಿಟ್ಟು ಬೇರೆಲ್ಲೂ ಹೋಗದ ಹಾಗೆ ಫೈರ್‌ವಾಲ್ ಕಟ್ಟಿರುತ್ತಾರೆ. ಆಗ ಸಮಯ ಸರಿಯಾಗಲು ವಿಪಿಎನ್ ಬೇಕು, ವಿಪಿಎನ್ ಏಳಲು ಸಮಯ ಸರಿ ಇರಬೇಕು. ಎರಡೂ ಏಳುವುದಿಲ್ಲ. ಎನ್‌ಟಿಪಿಗೆ ಮಾತ್ರ 123 ಪೋರ್ಟಿನಲ್ಲಿ ವಿಪಿಎನ್ ಇಲ್ಲದೆಯೇ ನೇರವಾಗಿ ಹೊರಗೆ ಹೋಗಲು ಬಿಡಿ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರೂ ಇದನ್ನು ನೆನಪಿಡಿ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ.

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮ ಆಫೀಸು. 11 ಜನ ವಿಪಿಎನ್‌ನಲ್ಲಿ ಕೆಲಸ ಮಾಡುತ್ತಾರೆ. ಯಾರೂ ಏನೂ ಮುಟ್ಟಿಲ್ಲ. ಸೋಮವಾರ ಬೆಳಿಗ್ಗೆ ಒಬ್ಬೊಬ್ಬರದ್ದೇ ಕಟ್ ಆಗುತ್ತಾ ಹೋಗಿ, ಊಟದ ಹೊತ್ತಿಗೆ ಎಲ್ಲರದ್ದೂ ಹೋಯಿತು. ಸರ್ವರಿನಲ್ಲಿ ಎಲ್ಲರ ಹೆಸರಿಗೂ ‘ಡೆಪ್ತ್=0, ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್’ ಅಂತ ಬಂದಿದೆ. ಗೆಳೆಯರೊಬ್ಬರು ಹೇಳಿದ ಹಾಗೆ ಕಾನ್ಫಿಗ್ ಫೈಲಿನಲ್ಲಿ ‘ಸಿಆರ್‌ಎಲ್-ವೆರಿಫೈ’ ಸಾಲಿನ ಮುಂದೆ ಹ್ಯಾಶ್ (#) ಹಾಕಿ ಆ ಸಾಲು ಕೆಲಸ ಮಾಡದ ಹಾಗೆ ಮಾಡಿದೆ. ಎಲ್ಲ ಸರಿಯಾಯಿತು. ಹಾಗೇ ಬಿಡಬಹುದಲ್ವಾ?

ಉತ್ತರ: ಬಿಡಬೇಡಿ. ಈ ಪುಟ ಓದಿ ಮುಗಿಸುವ ಮೊದಲೇ ಆ ಹ್ಯಾಶ್ ತೆಗೆಯುವ ವ್ಯವಸ್ಥೆ ಮಾಡಿ ಅಂತ ನಾನು ಬೇಡಿಕೊಳ್ಳುತ್ತೇನೆ.

ಸಿಆರ್‌ಎಲ್ ಅಂದರೆ ‘ಇವರನ್ನು ಇನ್ನು ಒಳಗೆ ಬಿಡಬೇಡಿ’ ಅನ್ನುವ ಪಟ್ಟಿ. ಕೆಲಸ ಬಿಟ್ಟವರು, ಕಳೆದುಹೋದ ಫೋನು, ಕದ್ದುಹೋದ ಲ್ಯಾಪ್‌ಟಾಪು ಎಲ್ಲ ಅದರಲ್ಲಿರುತ್ತವೆ. ಆ ಪಟ್ಟಿಗೂ ಸಿಎ ಸಹಿ ಹಾಕಿ ಒಂದು ಕೊನೆಯ ದಿನ ಬರೆದಿರುತ್ತದೆ. ಈಸಿ-ಆರ್‌ಎಸ್‌ಎ 3ರಲ್ಲಿ (ಸರ್ಟಿಫಿಕೇಟ್ ಮಾಡುವ ಸಾಫ್ಟ್‌ವೇರ್) ನೀವು ಬದಲಿಸದಿದ್ದರೆ ಅದು 180 ದಿನ. ಆ ದಿನ ದಾಟಿದರೆ ಪಟ್ಟಿ ಹಳಸಿತು ಅಂತ ಲೆಕ್ಕ. ಆಮೇಲೆ ಯಾರು ಕೆಟ್ಟವರು ಅಂತ ಸರ್ವರಿಗೆ ಖಾತ್ರಿ ಇಲ್ಲ, ಆದ್ದರಿಂದ ಎಲ್ಲರನ್ನೂ ಹೊರಗೆ ನಿಲ್ಲಿಸುತ್ತದೆ. ಓಪನ್‌ವಿಪಿಎನ್ 2.4 ಬಂದದ್ದು 2016ರ ಡಿಸೆಂಬರಿನಲ್ಲಿ. ಅಲ್ಲಿಂದ ಪಟ್ಟಿ ನೋಡುವ ಕೆಲಸವನ್ನು ಕ್ರಿಪ್ಟೋ ಲೈಬ್ರರಿಗೇ, ಅಂದರೆ ಓಪನ್‌ಎಸ್‌ಎಸ್‌ಎಲ್‌ನಂಥ ಗೂಢಲಿಪಿಯ ಸಾಫ್ಟ್‌ವೇರಿಗೇ, ಒಪ್ಪಿಸಿದರು. ಅದು ಕಟ್ಟುನಿಟ್ಟು. ಒಬ್ಬೊಬ್ಬರಾಗಿ ಕಟ್ ಆದದ್ದು ಯಾಕೆ ಅಂತ ನಿಮಗೆ ಅನಿಸಿರಬಹುದು. ಒಳಗಿದ್ದವರನ್ನೂ ಸರ್ವರ್ 3600 ಸೆಕೆಂಡಿಗೊಮ್ಮೆ ಮತ್ತೆ ಪರಿಶೀಲಿಸುತ್ತದೆ. ಅವರವರ ಗಂಟೆ ಬಂದ ಹಾಗೆ ಅವರವರು ಹೊರಬಿದ್ದರು.

ನಾನೂ ಒಮ್ಮೆ ಇದೇ ಹ್ಯಾಶ್ ಹಾಕಿದ್ದೆ. ಕೆಲವು ವರ್ಷಗಳ ಹಿಂದೆ ಮೂರು ಬ್ರಾಂಚ್ ಇರುವ ಒಂದು ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಆಟಿ ತಿಂಗಳ ಒಂದು ಶನಿವಾರ. ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ನಡೆಯುತ್ತಿತ್ತು. ನೀರ್ಚಾಲಿನ ನಮ್ಮ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಾಸರಗೋಡಿನಿಂದ ಬರುತ್ತಿದ್ದ ಫೋನುಗಳ ಒತ್ತಡಕ್ಕೆ ಆ ಸಾಲಿಗೆ ಹ್ಯಾಶ್ ಹಾಕಿದೆ. ಸೋಮವಾರ ಸರಿ ಮಾಡುತ್ತೇನೆ ಅಂದುಕೊಂಡೆ. ನೆನಪಾದದ್ದು ನಾಲ್ಕು ತಿಂಗಳ ಮೇಲೆ. ಆ ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು. ಒಂದು, ಕಾಞಂಗಾಡಿಗೆ ಹೋಗುವ ರೈಲಿನಲ್ಲಿ ಕಳೆದುಹೋದ ಲ್ಯಾಪ್‌ಟಾಪಿನದ್ದು. ಕೂಡಲೇ ಲಾಗ್ ತೆಗೆದು ನೋಡಿದೆ. ಸರ್ವರಿನಲ್ಲಿ ಉಳಿದಿದ್ದದ್ದು ಕೊನೆಯ ಒಂದು ತಿಂಗಳ ಲಾಗ್ ಮಾತ್ರ. ಅದರಲ್ಲಿ ಆ ಲ್ಯಾಪ್‌ಟಾಪ್ ಬಂದಿರಲಿಲ್ಲ. ಅದಕ್ಕೂ ಹಿಂದಿನ ಮೂರು ತಿಂಗಳು ಯಾರಾದರೂ ಬಂದು ಹೋಗಿದ್ದರಾ ಅಂತ ಇವತ್ತಿಗೂ ನನಗೆ ಹೇಳಲಿಕ್ಕಾಗುವುದಿಲ್ಲ. ಆ ಆಫೀಸಿನ ಮುಖ್ಯಸ್ಥರ ಎದುರು ಕೂತು ಇದನ್ನು ಹೇಳಿದ ದಿನ ನನಗೆ ಮರೆತಿಲ್ಲ.

ನೀವು ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ. ಸಿಎ ಇರುವ ಯಂತ್ರದಲ್ಲಿ ‘ಈಸಿಆರ್‌ಎಸ್‌ಎ ಜೆನ್-ಸಿಆರ್‌ಎಲ್’ ಕೊಡಿ. ಸಿಎ ಪಾಸ್‌ವರ್ಡ್ ಕೇಳುತ್ತದೆ. ಹೊಸ ‘ಸಿಆರ್‌ಎಲ್.ಪೆಮ್’ ಫೈಲನ್ನು ಸರ್ವರಿಗೆ ಕಾಪಿ ಮಾಡಿ, ಹ್ಯಾಶ್ ತೆಗೆದು ಒಮ್ಮೆ ರೀಸ್ಟಾರ್ಟ್ ಮಾಡಿ. ಮುಂದಿನ ಸಲ ಬರೀ ಫೈಲ್ ಬದಲಿಸಿದರೆ ಸಾಕು, ರೀಸ್ಟಾರ್ಟ್ ಬೇಡ. ಹೊಸ ಕನೆಕ್ಷನ್ ಬಂದಾಗ ಅದು ತಾನೇ ಓದಿಕೊಳ್ಳುತ್ತದೆ. ಫೈಲ್ ಇರುವ ಜಾಗವನ್ನು ‘ನೋಬಡಿ’ ಯೂಸರ್ ಓದಲು ಆಗಬೇಕು, ಅದನ್ನು ನೋಡಿಕೊಳ್ಳಿ. ಓಪನ್‌ವಿಪಿಎನ್ ಶುರುವಾದ ಮೇಲೆ ಸಾಮಾನ್ಯವಾಗಿ ರೂಟ್ ಅಧಿಕಾರ ಬಿಟ್ಟು ಆ ಹೆಸರಿನಲ್ಲಿ ಓಡುತ್ತದೆ. ಕೊನೆಯ ದಿನ ಯಾವಾಗ ಅಂತ ನೋಡಲು ‘ಓಪನ್‌ಎಸ್‌ಎಸ್‌ಎಲ್ ಸಿಆರ್‌ಎಲ್ -ಇನ್ ಸಿಆರ್‌ಎಲ್.ಪೆಮ್ -ನೋಔಟ್ -ನೆಕ್ಸ್ಟ್‌ಅಪ್‌ಡೇಟ್’. ನಾನು ಆ ದಿನಕ್ಕಿಂತ ಎರಡು ವಾರ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ, ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ.

ಪ್ರಶ್ನೆ: ನಾನು ಮಂಜೇಶ್ವರದವನು, ಈಗ ಬೆಂಗಳೂರಿನಲ್ಲಿ ಕೆಲಸ. ಲ್ಯಾಪ್‌ಟಾಪಿಗೆ ಉಬುಂಟು 22.04 ಹಾಕಿದ ಮೇಲೆ ಆಫೀಸಿನ ವಿಪಿಎನ್ ‘ಸಿಎ ಎಂಡಿ ಟೂ ವೀಕ್’ ಅಂತ ಹೇಳಿ ನಿಲ್ಲುತ್ತದೆ. ಹಳೇ ಉಬುಂಟುವಿನಲ್ಲಿ ಇದೇ ಫೈಲ್ ಸರಿಯಾಗಿ ನಡೆಯುತ್ತಿತ್ತು. ಸರ್ಟಿಫಿಕೇಟಿನಲ್ಲಿ 2011 ಅಂತ ಇದೆ. ಹೊಸ ಉಬುಂಟು ಹಾಳಾ?

ಉತ್ತರ: ಉಬುಂಟು ಸರಿಯಾಗಿಯೇ ಇದೆ. ಇಲ್ಲಿ ಒಪ್ಪದವರು ನಿಮ್ಮ ಲ್ಯಾಪ್‌ಟಾಪು, ಒಪ್ಪಿಗೆಯಾಗದ್ದು ಆಫೀಸಿನ ಸೀಲು. ಹಳೇ ಈಸಿ-ಆರ್‌ಎಸ್‌ಎದಲ್ಲಿ ಎಂಡಿ5 ಅನ್ನುವ ಹಳೇ, ದುರ್ಬಲ ವಿಧಾನದ ಸಹಿ, 1024 ಬಿಟ್ ಕೀ (ಸಹಿ ಹಾಕಲು ಬಳಸುವ ಗುಟ್ಟಿನ ಫೈಲು) ಬರುತ್ತಿತ್ತು. ‘ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಟೆಕ್ಸ್ಟ್ -ಇನ್’ ಜೊತೆ ಸರ್ಟಿಫಿಕೇಟ್ ಫೈಲಿನ ಹೆಸರು ಕೊಟ್ಟು ‘ಸಿಗ್ನೇಚರ್ ಅಲ್ಗಾರಿದಮ್’ ಸಾಲು ನೋಡಿ, ಎಂಡಿ5 ಕಾಣುತ್ತದೆ. 2008ರಲ್ಲೇ ಸಂಶೋಧಕರು ಸುಮಾರು 200 ಪ್ಲೇಸ್ಟೇಷನ್ 3 ಆಟದ ಯಂತ್ರಗಳನ್ನು ಜೋಡಿಸಿ, ಎಂಡಿ5ರ ದೌರ್ಬಲ್ಯದಿಂದ ಬ್ರೌಸರುಗಳು ನಂಬುವಂಥ ನಕಲಿ ಸಿಎ ಮಾಡಿ ತೋರಿಸಿದ್ದರು. ಉಬುಂಟು 22.04ರಲ್ಲಿರುವ ಓಪನ್‌ಎಸ್‌ಎಸ್‌ಎಲ್ 3 ಅಂಥ ಸಹಿಯನ್ನು ಒಪ್ಪುವುದಿಲ್ಲ.

ನಾಳೆಯೇ ಕೆಲಸ ಆಗಬೇಕಾದರೆ ಕಾನ್ಫಿಗ್‌ನಲ್ಲಿ ‘ಟಿಎಲ್‌ಎಸ್-ಸೈಫರ್ ಡಿಫಾಲ್ಟ್:@ಸೆಕ್‌ಲೆವೆಲ್=0’ ಅಂತ ಸೇರಿಸಿದರೆ ನಡೆಯುತ್ತದೆ. ಆದರೆ ಯಾವತ್ತು ತೆಗೆಯುತ್ತೇವೆ ಅಂತ ದಿನ ಬರೆದಿಟ್ಟುಕೊಂಡೇ ಸೇರಿಸಿ. ಆಫೀಸಿನವರಿಗೆ ಹೀಗೆ ಹೇಳಿ: ಹೊಸ ಸಿಎ ಮಾಡಿ, 2048 ಬಿಟ್, ಎಸ್‌ಎಚ್‌ಎ256. ಅದೇ ಸರ್ವರಿನಲ್ಲಿ 1195 ಪೋರ್ಟಿನಲ್ಲಿ ಎರಡನೇ ಓಪನ್‌ವಿಪಿಎನ್ ಓಡಿಸಿ. ಜನರನ್ನು ಒಬ್ಬೊಬ್ಬರಾಗಿ ಅದಕ್ಕೆ ಕರೆದುಕೊಂಡು ಬನ್ನಿ. ಎಲ್ಲರೂ ಬಂದ ದಿನ ಹಳೇ 1194 ನಿಲ್ಲಿಸಿ. ಒಂದೇ ರಾತ್ರಿಯಲ್ಲಿ ಎಲ್ಲ ಬದಲಿಸಲು ಹೋದವರು ಬೆಳಗಾಗುವವರೆಗೆ ನಿದ್ದೆ ಮಾಡುವುದಿಲ್ಲ.

ಪ್ರಶ್ನೆ: ಉಪ್ಪಳದಿಂದ. ಸರ್ವರ್ ನೋಡಿಕೊಳ್ಳುತ್ತಿದ್ದ ಹುಡುಗ ಬೇರೆ ಕೆಲಸಕ್ಕೆ ಹೋದ. ಅವನ ಜಾಗಕ್ಕೆ ಬಂದವರು ಹೊಸಬರೊಬ್ಬರಿಗೆ ಸರ್ಟಿಫಿಕೇಟ್ ಮಾಡಿಕೊಟ್ಟರು. ಹಳಬರದ್ದೆಲ್ಲ ಸರಿ ಇದೆ, ಹೊಸಬರದ್ದು ಮಾತ್ರ ಆಗುವುದಿಲ್ಲ. ‘ಡೆಪ್ತ್=1, ಸೆಲ್ಫ್ ಸೈನ್ಡ್ ಸರ್ಟಿಫಿಕೇಟ್ ಇನ್ ಸರ್ಟಿಫಿಕೇಟ್ ಚೈನ್’. ಇಷ್ಯೂಯರ್ (ಸೀಲು ಹಾಕಿದವರ) ಹೆಸರು ಎರಡರಲ್ಲೂ ‘ಈಸಿ-ಆರ್‌ಎಸ್‌ಎ ಸಿಎ’ ಅಂತಲೇ ಇದೆ. ಒಂದೇ ಸೀಲು ಅಲ್ವಾ?

ಉತ್ತರ: ಹೆಸರು ಒಂದೇ, ಸೀಲು ಬೇರೆ. ನಮ್ಮ ಕಡೆ ಒಂದೇ ಹೆಸರಿನ ಊರುಗಳು ಹೊಳೆಯ ಆಚೆಗೂ ಈಚೆಗೂ ಇರುವುದಿಲ್ಲವಾ, ಹಾಗೆ. ಹೆಸರು ಕೊಡದೆ ಎಂಟರ್ ಒತ್ತಿದರೆ ಈಸಿ-ಆರ್‌ಎಸ್‌ಎ ಪ್ರತಿಸಲವೂ ಅದೇ ಹೆಸರಿಡುತ್ತದೆ. ನಿಮ್ಮ ಹೊಸಬರು ‘ಇನಿಟ್-ಪಿಕೆಐ’, ‘ಬಿಲ್ಡ್-ಸಿಎ’ ಎರಡನ್ನೂ ಮತ್ತೆ ಓಡಿಸಿದ್ದಾರೆ ಅಂತ ನನಗೆ ಅನಿಸುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳು ಒಂದನೇ ಹೆಜ್ಜೆಯಿಂದ ಶುರುವಾಗುತ್ತವೆ. ಇವರೂ ಅಲ್ಲಿಂದಲೇ ಶುರು ಮಾಡಿರಬೇಕು. ಅವರನ್ನು ಬೈಯಬೇಡಿ. ಬಿಟ್ಟು ಹೋದವನು ಒಂದು ಚೀಟಿಯನ್ನಾದರೂ ಬರೆದಿಟ್ಟಿದ್ದರೆ ಹೀಗಾಗುತ್ತಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಬೆರಳಚ್ಚು ನೋಡಿ. ಸರ್ವರಿನಲ್ಲಿರುವ ಸಿಎ ಫೈಲಿಗೂ ಹೊಸಬರ ಕೈಯಲ್ಲಿರುವ ಸಿಎ ಫೈಲಿಗೂ ‘ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಫಿಂಗರ್‌ಪ್ರಿಂಟ್ -ಎಸ್‌ಎಚ್‌ಎ256 -ಇನ್’ ಅಂತ ಕೊಟ್ಟು, ಬಂದ ಸಾಲುಗಳನ್ನು ಪಕ್ಕಪಕ್ಕ ಇಡಿ. ಒಂದಕ್ಷರ ಬೇರೆಯಿದ್ದರೂ ಸಿಎ ಎರಡು. ಆಮೇಲೆ ‘ಓಪನ್‌ಎಸ್‌ಎಸ್‌ಎಲ್ ವೆರಿಫೈ -ಸಿಎಫೈಲ್’ ಕೊಟ್ಟು ಸರ್ವರಿನ ಸಿಎ ಫೈಲನ್ನೂ ಹೊಸಬರ ಸರ್ಟಿಫಿಕೇಟನ್ನೂ ತೋರಿಸಿ. ‘ಓಕೆ’ ಬರದಿದ್ದರೆ ಊಹೆ ನಿಜವಾಯಿತು. ಇಷ್ಟು ಮಾಡಲು ವಿಪಿಎನ್ ಓಡಬೇಕೆಂದೇ ಇಲ್ಲ, ಫೈಲುಗಳು ಸಾಕು.

ಇನ್ನು ಎಲ್ಲ ನಿಂತಿರುವುದು ಹಳೇ ಸಿಎಯ ಕೀ ಎಲ್ಲಿದೆ ಅನ್ನುವುದರ ಮೇಲೆ. ಬಿಟ್ಟು ಹೋದ ಹುಡುಗನಿಗೆ ಫೋನ್ ಮಾಡಿ ಕೇಳಿ, ಸಂಕೋಚ ಬೇಡ. ಬ್ಯಾಕಪ್ ಸಿಕ್ಕಿದರೆ ಹಳೇ ‘ಪಿಕೆಐ’ ಫೋಲ್ಡರನ್ನು ಹಿಂದಕ್ಕೆ ತಂದು ಹೊಸಬರಿಗೆ ಅದರಿಂದಲೇ ಸರ್ಟಿಫಿಕೇಟ್ ಮಾಡಿ. ಸಿಗದಿದ್ದರೆ ಇವತ್ತಲ್ಲ ನಾಳೆ ಎಲ್ಲರಿಗೂ ಹೊಸದು ಹಂಚಬೇಕು, ಬೇರೆ ದಾರಿ ಇಲ್ಲ. ಕೀಯನ್ನು ಸರ್ವರಿನಲ್ಲಿ ಇಡಬೇಡಿ. ನಾನು ಎರಡು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇನೆ, ಎರಡು ಬೇರೆ ಮನೆಗಳಲ್ಲಿ. ನಮ್ಮ ಊರಿನ ಥಂಡಿಗೆ ಒಂದು ಹಾಳಾದರೂ ಇನ್ನೊಂದು ಉಳಿಯಲಿ ಅಂತ.

ಪ್ರಶ್ನೆ: ಕುಂಬಳೆಯಿಂದ. ‘ಡೆಪ್ತ್=1, ಸರ್ಟಿಫಿಕೇಟ್ ಹ್ಯಾಸ್ ಎಕ್ಸ್‌ಪೈರ್ಡ್’ ಬರುತ್ತಿದೆ. ನಮ್ಮ ಸಿಎ ಮಾಡಿ ಹತ್ತು ವರ್ಷ ಆಯಿತು. ಕೀ ಭದ್ರವಾಗಿದೆ. 40 ಜನರಿಗೂ ಹೊಸ ಸರ್ಟಿಫಿಕೇಟ್ ಕೊಡಬೇಕಾ?

ಉತ್ತರ: ಎಲ್ಲರಿಗೂ ಬೇಡ. ಅದೇ ಕೀಯಿಂದ, ಅದೇ ಹೆಸರಿನಲ್ಲಿ, ಅದೇ ಸೀರಿಯಲ್ ನಂಬರಿನಲ್ಲಿ ಸಿಎ ಸರ್ಟಿಫಿಕೇಟನ್ನು ಮಾತ್ರ ಹೊಸ ದಿನಾಂಕದೊಂದಿಗೆ ಮಾಡಿ. ಅವಧಿ ಉಳಿದಿರುವ ಹಳೇ ಕ್ಲೈಂಟ್ ಸರ್ಟಿಫಿಕೇಟ್‌ಗಳು ಅದಕ್ಕೂ ಹೊಂದುತ್ತವೆ. ಸೀರಿಯಲ್ ನಂಬರ್ ಮರೆಯಬೇಡಿ. ಈಸಿ-ಆರ್‌ಎಸ್‌ಎ ಪ್ರತಿ ಸರ್ಟಿಫಿಕೇಟಿನೊಳಗೂ ಅದನ್ನು ಬರೆದಿಟ್ಟಿರುತ್ತದೆ. ಹೊಸ ಸಿಎ ಫೈಲ್ ಸರ್ವರಿಗೂ 40 ಜನರಿಗೂ ತಲುಪಬೇಕು. ಅದರಲ್ಲಿ ಗುಟ್ಟು ಏನೂ ಇಲ್ಲ, ಈಮೇಲಿನಲ್ಲೇ ಕಳಿಸಬಹುದು. ಆದರೆ ನಿಮ್ಮ ಸಿಎ ಎಂಡಿ5 ಕಾಲದ್ದಾಗಿದ್ದರೆ ಈ ದಾರಿ ಬೇಡ, ಮಂಜೇಶ್ವರದವರಿಗೆ ಹೇಳಿದ ದಾರಿ ಹಿಡಿಯಿರಿ.

ಪ್ರಶ್ನೆ: ಅಪ್ಪನ ಫೋನಿಗೆ ವಿಪಿಎನ್ ಸೆಟ್ಟಿಂಗಿನ ‘.ಓವಿಪಿಎನ್’ ಫೈಲಿನೊಳಗಿನ ಅಕ್ಷರಗಳನ್ನು ವಾಟ್ಸಾಪ್ ಮೆಸೇಜಿನಲ್ಲಿ ಪೇಸ್ಟ್ ಮಾಡಿ ಕಳಿಸಿದೆ. ಅಪ್ಪ ಅದನ್ನು ನೋಟ್ಸ್‌ನಲ್ಲಿ ಸೇವ್ ಮಾಡಿ ಆ್ಯಪ್‌ಗೆ ಕೊಟ್ಟರೆ ‘ಕೆನಾಟ್ ಲೋಡ್ ಇನ್‌ಲೈನ್ ಸರ್ಟಿಫಿಕೇಟ್ ಫೈಲ್’ ಅನ್ನುತ್ತದೆ.

ಉತ್ತರ: ‘ಬಿಗಿನ್ ಸರ್ಟಿಫಿಕೇಟ್’ ಅನ್ನುವುದರ ಎರಡೂ ಬದಿಗೆ ಐದೈದು ಸಣ್ಣ ಗೆರೆ ಇರಬೇಕು. ಕೆಲವು ನೋಟ್ಸ್ ಆ್ಯಪ್‌ಗಳು ಅವನ್ನು ಕೂಡಿಸಿ ಉದ್ದ ಗೆರೆ ಮಾಡುತ್ತವೆ. ಫೈಲನ್ನು ಫೈಲಾಗಿಯೇ ಕಳಿಸಿ. ಆದರೆ ನನಗೆ ಚಿಂತೆ ಬೇರೆ. ಆ ಫೈಲಿನಲ್ಲಿ ಅಪ್ಪನ ಪ್ರೈವೇಟ್ ಕೀ ಕೂಡ ಇದೆ. ಅದೀಗ ಇಬ್ಬರ ಚಾಟ್‌ನಲ್ಲೂ, ನೋಟ್ಸ್‌ನಲ್ಲೂ, ಬ್ಯಾಕಪ್‌ನಲ್ಲೂ ಕೂತಿದೆ. ಆ ಸರ್ಟಿಫಿಕೇಟನ್ನು ರದ್ದು ಮಾಡಿ, ಹೊಸ ಸಿಆರ್‌ಎಲ್ ಸರ್ವರಿಗೆ ಹಾಕಿ. ಊರಿಗೆ ಬಂದಾಗ ಹೊಸ ಫೈಲನ್ನು ಕೇಬಲ್‌ನಲ್ಲಿ ಅಪ್ಪನ ಫೋನಿಗೆ ಹಾಕಿಕೊಡಿ.

ಪ್ರಶ್ನೆ: ಕ್ಲೈಂಟಿನಲ್ಲಿ ‘ವೆರಿಫೈ ಇಕೆಯು ಎರರ್’ ಬರುತ್ತಿತ್ತು. ‘ರಿಮೋಟ್-ಸರ್ಟ್-ಟಿಎಲ್‌ಎಸ್ ಸರ್ವರ್’ ಸಾಲು ಅಳಿಸಿದರೆ ಹೋಗುತ್ತದೆ. ತೊಂದರೆ ಉಂಟಾ?

ಉತ್ತರ: ಉಂಟು. ನಿಮ್ಮ ಎಲ್ಲ ಕ್ಲೈಂಟ್‌ಗಳ ಕಾಗದಕ್ಕೂ ಸರ್ವರಿನ ಕಾಗದಕ್ಕೂ ಸೀಲು ಒಂದೇ. ಎದುರಿಗಿರುವವರು ನಿಜವಾಗಿ ಸರ್ವರೇ ಅಂತ ನೋಡುವುದು ಆ ಸಾಲು. ಅದಿಲ್ಲದಿದ್ದರೆ ಯಾವ ಕ್ಲೈಂಟ್ ಬೇಕಾದರೂ ನಡುವೆ ನಿಂತು ತಾನೇ ಸರ್ವರ್ ಅಂತ ನಟಿಸಬಹುದು. ಸರ್ವರಿನ ಸರ್ಟಿಫಿಕೇಟನ್ನು ಯಾರೋ ಕ್ಲೈಂಟ್ ಬಗೆಯದ್ದಾಗಿ ಮಾಡಿದ್ದಾರೆ. ‘ಬಿಲ್ಡ್-ಸರ್ವರ್-ಫುಲ್’ ಕೊಟ್ಟು ಹೊಸದು ಮಾಡಿ, ಸಾಲನ್ನು ವಾಪಸ್ ಹಾಕಿ.

ಪ್ರಶ್ನೆ: ಟೀಚರ್, ನಾನು ಪೆರ್ಲದ ಹತ್ತಿರ ಒಂಬತ್ತನೇ ಕ್ಲಾಸಿನಲ್ಲಿ ಓದುತ್ತಿದ್ದೇನೆ. ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿದ್ದೇನೆ. ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್ ಇದೆ, ಮನೆಯಲ್ಲೂ ಎರಡು ಹಳೇ ಲ್ಯಾಪ್‌ಟಾಪ್ ಇವೆ. ಇದೆಲ್ಲ ನಾನು ಮಾಡಿ ನೋಡಬಹುದಾ?

ಉತ್ತರ: ನಾನು ಶಾಲೆ ಬಿಟ್ಟು ವರ್ಷಗಳಾದರೂ ಟೀಚರ್ ಅಂತ ಬರೆದಿದ್ದೀಯಲ್ಲ ತಂಗೀ, ತುಂಬ ಸಂತೋಷವಾಯಿತು. ಖಂಡಿತ ಮಾಡು. ಶಾಲೆಯದ್ದು ಬೇಡ, ಮನೆಯ ಲ್ಯಾಪ್‌ಟಾಪ್‌ಗಳಲ್ಲಿ ಮಾಡು. ಒಂದು ಸರ್ವರ್, ಒಂದು ಕ್ಲೈಂಟ್, ಎರಡೂ ಒಂದೇ ವೈಫೈನಲ್ಲಿ. ಮೊದಲು ಸರಿಯಾಗಿ ನಡೆಯಲಿ. ಆಮೇಲೆ ಬೇಕೆಂದೇ ಕೆಡಿಸು. ಒಂದು ದಿನದ ಅವಧಿಯ ಸರ್ಟಿಫಿಕೇಟ್ ಮಾಡಿ ಮಾರನೆಯ ದಿನ ಕನೆಕ್ಟ್ ಮಾಡು. ಬೇರೆ ಫೋಲ್ಡರಿನಲ್ಲಿ ಎರಡನೇ ಸಿಎ ಮಾಡಿ ಅದರ ಸರ್ಟಿಫಿಕೇಟ್ ಕೊಟ್ಟು ನೋಡು. ಒಂದು ಸರ್ಟಿಫಿಕೇಟನ್ನು ‘ರಿವೋಕ್’ ಮಾಡಿ, ಆದರೆ ‘ಜೆನ್-ಸಿಆರ್‌ಎಲ್’ ಮಾಡದೆ ಕನೆಕ್ಟ್ ಮಾಡು. ಒಳಗೆ ಬಿಟ್ಟುಬಿಡುತ್ತದೆ! ದೊಡ್ಡವರೂ ಇಲ್ಲಿ ಎಡವುತ್ತಾರೆ.

ಒಂದು ನೋಟ್‌ಬುಕ್ ಇಟ್ಟುಕೋ. ಎಡ ಪುಟದಲ್ಲಿ ಸರ್ವರ್ ಏನು ಹೇಳಿತು, ಬಲ ಪುಟದಲ್ಲಿ ಅದೇ ಹೊತ್ತಿಗೆ ಕ್ಲೈಂಟ್ ಏನು ಹೇಳಿತು ಅಂತ ಬರೆ. ಎಲ್ಲ ಸರಿಯಿದ್ದಾಗ ಬರುವ ‘ವೆರಿಫೈ ಓಕೆ’ ಸಾಲುಗಳನ್ನೂ ಬರೆದುಕೋ. ಅವು ಎರಡು ಇರುತ್ತವೆ, ಡೆಪ್ತ್ 1 ಮೊದಲು, ಡೆಪ್ತ್ 0 ಆಮೇಲೆ. ಯಾಕೆ ಆ ಕ್ರಮ ಅಂತ ನಿನಗೆ ಅನಿಸಿದ್ದನ್ನು ನನಗೆ ಬರೆದು ಕಳಿಸು. ಮುಂದಿನ ತಿಂಗಳ ಪುಟದಲ್ಲಿ ಹಾಕುತ್ತೇನೆ.